ಮಲಾವಿಯ ಕ್ರೈಸ್ತ ಸಭೆಗಳಲ್ಲಿ ಎಚ್‌ಐವಿ ತರಬೇತಿ: ನನ್ನ ಅನುಭವ

ಮೊದಲ ದಿನ ಎರಡು ಗಂಟೆ ಪಾಠ ಮಾಡಿದೆ. ವೈರಸ್ ಅಂದರೇನು, ಯಾವ ದಾರಿಯಲ್ಲಿ ಹರಡುತ್ತದೆ, ಯಾವುದರಿಂದ ಹರಡುವುದಿಲ್ಲ. ಎಚ್‌ಐವಿ ಕೌನ್ಸೆಲರ್ ಆಗಿ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಹತ್ತು ವರ್ಷ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದ್ದ ಮಾತುಗಳು. ಊಟಕ್ಕೆ ಬಿಡುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ಸೊಂಟಕ್ಕೆ ಹಳದಿ ಹೂವಿನ ಚಿತೆಂಜೆ ಸುತ್ತಿದ್ದರು. ನಮ್ಮ ಲುಂಗಿಯ ಹಾಗೆ ಅಲ್ಲಿನ ಹೆಂಗಸರು ಸುತ್ತಿಕೊಳ್ಳುವ ಬಟ್ಟೆ ಅದು.

"ಮಗಳೇ, ಇದೆಲ್ಲ ನಮಗೆ ಗೊತ್ತು. ನಮ್ಮಲ್ಲಿ ಒಬ್ಬಳಿದ್ದಾಳೆ. ಮಾತ್ರೆ ನುಂಗಿದ ರಾತ್ರಿ ಸತ್ತ ಗಂಡ ಬಂದು ತಲೆಯ ಹತ್ತಿರ ಕೂರುತ್ತಾನಂತೆ. ಅವಳಿಗೆ ಏನು ಹೇಳಲಿ? ಅದನ್ನು ಕಲಿಸು."

ನಾನು ಮಾಡಿದ ಮೊದಲ ತಪ್ಪು ಅಲ್ಲೇ ಆಯಿತು. "ಯಾರು ಅಜ್ಜಿ? ಈಗ ಇಲ್ಲಿದ್ದಾರಾ?" ಎಂದು ಎಲ್ಲರ ಎದುರೇ ಕೇಳಿಬಿಟ್ಟೆ. ದುಭಾಷಿ ಅದನ್ನು ಹೇಳುವ ಮೊದಲೇ ಅವರಿಗೆ ಅರ್ಥವಾಗಿತ್ತು. "ಅವಳ ಹೆಸರು ನಿನಗೆ ಯಾಕೆ ಬೇಕು?" ಅಂದರು. ದನಿ ಏರಲಿಲ್ಲ. ಇಡೀ ಚರ್ಚು ಸುಮ್ಮನಾಯಿತು. ಗುಟ್ಟು ಕಾಪಾಡುವುದೇ ಕೌನ್ಸೆಲರ್‌ಗಳ ಮೊದಲ ಪಾಠ. ಅದನ್ನು ಆ ಅಜ್ಜಿ ನನಗೆ ಅಲ್ಲಿ ಮತ್ತೊಮ್ಮೆ ಕಲಿಸಿದರು.

ಇದು 2017ರ ಜುಲೈ. ನಮ್ಮ ಸಭೆಯಿಂದ, ಅಂದರೆ ನಮ್ಮ ಚರ್ಚಿನಿಂದ, ಐದು ಜನ ಆಫ್ರಿಕಾದ ಮಲಾವಿ ದೇಶದ ದಕ್ಷಿಣ ಭಾಗದ ಜೋಂಬಾ ಜಿಲ್ಲೆಗೆ ಹೋಗಿದ್ದೆವು. ಒಬ್ಬ ಡಾಕ್ಟರು, ನಮ್ಮ ಸಭಾಪಾಲಕರು (ಪಾದ್ರಿ), ಇಬ್ಬರು ಯುವಕರು, ನಾನು. ಒಟ್ಟು 16 ದಿನ, ಅದರಲ್ಲಿ ತರಬೇತಿ ಒಂಬತ್ತು ದಿನ. ಬೇರೆ ಬೇರೆ ಪಂಗಡಗಳ 23 ಸಭೆಗಳಿಂದ ಸಭಾಪಾಲಕರು, ಹಿರಿಯರು, ಹೆಂಗಸರ ಸಂಘದವರು ಬರುತ್ತಿದ್ದರು. ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ತೆಳು ಬಟ್ಟೆ ಒಯ್ದಿದ್ದೆ. ಅಲ್ಲಿ ಜುಲೈ ಚಳಿಗಾಲ. ಚಿಪೆರೋನಿ ಅನ್ನುವ ಜಿಟಿಜಿಟಿ ಮಳೆ, ಮಂಜು. ಅದೇ ಅಜ್ಜಿ ಎರಡನೇ ದಿನ ತಮ್ಮ ಒಂದು ಚಿತೆಂಜೆ ತಂದು ನನ್ನ ಹೆಗಲಿಗೆ ಹೊದಿಸಿದರು. ಎಲ್ಲರೂ ಅವರನ್ನು ಅಗೋಗೋ ಅನ್ನುತ್ತಿದ್ದರು. ಅಜ್ಜ ಅಜ್ಜಿ ಇಬ್ಬರಿಗೂ ಅಲ್ಲಿ ಅದೇ ಮಾತು. ನಾನೂ ಹಾಗೇ ಕರೆಯತೊಡಗಿದೆ.

ಆ ಮೊದಲ ದಿನದ ರಾತ್ರಿಯೇ ನನ್ನ ಫ್ಲಿಪ್ ಚಾರ್ಟ್ ಸುತ್ತಿಟ್ಟೆ. ಭಾರತದಲ್ಲೂ ಮಲಾವಿಯಲ್ಲೂ ಸರಕಾರ ಉಚಿತವಾಗಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಕೊಡಲು ಶುರು ಮಾಡಿದ್ದು ಒಂದೇ ವರ್ಷ, 2004ರಲ್ಲಿ. ಗರ್ಭಿಣಿಗೆ ಎಚ್‌ಐವಿ ಇದೆ ಎಂದು ಗೊತ್ತಾದರೆ ಬೇರೆ ಲೆಕ್ಕ ನೋಡದೆ ಜೀವನಪೂರ್ತಿ ಚಿಕಿತ್ಸೆ ಶುರು ಮಾಡುವ ಪದ್ಧತಿಯನ್ನು ಜಗತ್ತಿನಲ್ಲಿ ಮೊದಲು ತಂದದ್ದು ಮಲಾವಿ, 2011ರಲ್ಲಿ. ನಮ್ಮಲ್ಲಿ ಅದು ಆಮೇಲೆ ಬಂತು. ಇಂಥ ಊರಿಗೆ ಬಂದು ಸೊಳ್ಳೆಯಿಂದ ಎಚ್‌ಐವಿ ಹರಡುವುದಿಲ್ಲ ಎಂದು ಹೇಳಿಕೊಡುತ್ತಿದ್ದೆನಲ್ಲ ಎಂದು ತುಂಬಾ ನೋವಾಯಿತು. ಆಗ ಮಲಾವಿಯಲ್ಲಿ ದೊಡ್ಡವರಲ್ಲಿ ನೂರಕ್ಕೆ ಸುಮಾರು ಹತ್ತು ಜನ ಎಚ್‌ಐವಿ ಜೊತೆ ಬದುಕುತ್ತಿದ್ದರು. ಅಂದರೆ ನೂರು ಜನ ಕೂತ ಆರಾಧನೆಯಲ್ಲಿ ಹತ್ತು ಜನ. ಅವರಿಗೆ ರೋಗದ ಬಗ್ಗೆ ಪಾಠ ಬೇಕಿರಲಿಲ್ಲ. ಅವರ ಪಕ್ಕ ಕೂತವರು ಹೇಗೆ ನಡೆದುಕೊಳ್ಳಬೇಕು ಅನ್ನುವುದು ಬೇಕಿತ್ತು.

ಅಗೋಗೋ ಕೇಳಿದ ಕನಸಿನ ಮಾತು ನನಗೆ ಹೊಸದೇನೂ ಆಗಿರಲಿಲ್ಲ. ಊರಲ್ಲಿ ನಮ್ಮ ಎಚ್‌ಐವಿ ಸೆಂಟರಿನಲ್ಲಿ ಒಬ್ಬಾಕೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಅಕ್ಕಾರ, ರಾತ್ರಿ ಗುಳಿಗಿ ನುಂಗಿದ್ರ ಸತ್ತಾವ್ರು ಬಂದು ಕುಂದರತಾರ್ರಿ." ಅದೇ ಮಾತು, ಅದೇ ಮಾತ್ರೆ. ಮಲಾವಿಯಲ್ಲಿ ಅದಕ್ಕೆ 5ಎ ಅನ್ನುತ್ತಿದ್ದರು. ನಮ್ಮಲ್ಲಿ ಟಿಎಲ್‌ಇ. ಮೂರು ಔಷಧ ಸೇರಿಸಿ ಮಾಡಿದ ಒಂದೇ ಮಾತ್ರೆ. ಅದರಲ್ಲಿರುವ ಎಫಾವಿರೆಂಜ್ ಅನ್ನುವ ಔಷಧ ಕೆಲವರಿಗೆ ಕಣ್ಣಿಗೆ ಕಟ್ಟಿದ ಹಾಗೆ ಕನಸು ತರಿಸುತ್ತದೆ. ಅಗೋಗೋ ಮರುದಿನ ಖಾಲಿ ಡಬ್ಬಿಯೊಂದನ್ನು ತಂದು ತೋರಿಸಿದರು. ಹೆಸರು ಬರೆದ ಚೀಟಿಯನ್ನು ಕಿತ್ತು ತಂದಿದ್ದರು. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ 'ಮೇಡ್ ಇನ್ ಇಂಡಿಯಾ' ಅಂತಿತ್ತು. 2001ರಲ್ಲಿ ನಮ್ಮ ದೇಶದ ಔಷಧ ಕಂಪನಿ ಸಿಪ್ಲಾದ ಯೂಸುಫ್ ಹಮೀದ್ ಅವರು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಮೂರು ಔಷಧಗಳ ಎಚ್‌ಐವಿ ಚಿಕಿತ್ಸೆ ಕೊಡುತ್ತೇವೆ ಎಂದು ಘೋಷಿಸಿದ ಮೇಲೆ ಆಫ್ರಿಕಾದ ಬಡವರಿಗೂ ಇಂಥ ಮಾತ್ರೆ ಸಿಗುವ ದಾರಿ ತೆರೆಯಿತು. ಆ ಡಬ್ಬಿ ಕೈಯಲ್ಲಿ ಹಿಡಿದಾಗ ನನಗೆ ಕಣ್ಣೀರು ಬಂತು.

ಎರಡನೇ ದಿನ ಪಾಠ ಮಾಡಲಿಲ್ಲ. ಕನಸಿನ ಬಗ್ಗೆಯೇ ಮಾತಾಡಿದೆವು. ಕನಸು ಬರುವುದು ಮಾತ್ರೆಯಿಂದ, ಮಾಟದಿಂದಲ್ಲ, ಸತ್ತವರ ಸಿಟ್ಟಿನಿಂದಲೂ ಅಲ್ಲ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಮಲಗುವ ಹೊತ್ತಿಗೆ ನುಂಗಬೇಕು. ಎಣ್ಣೆಯದ್ದು, ಶೇಂಗಾ ಪುಡಿ ಜಾಸ್ತಿ ಹಾಕಿದ್ದು ತಿಂದ ಕೂಡಲೇ ನುಂಗಿದರೆ ತೊಂದರೆ ಹೆಚ್ಚು, ಅದಕ್ಕೆ ರಾತ್ರಿ ಊಟ ಬೇಗ ಮುಗಿಸಬೇಕು. ಆಮೇಲೂ ನಿಲ್ಲದಿದ್ದರೆ ಕ್ಲಿನಿಕ್ಕಿಗೆ ಹೋಗಬೇಕು, ತಾನೇ ನಿಲ್ಲಿಸಬಾರದು. ಇಷ್ಟೇ ವಿಷಯ. ಆದರೆ ಹೆಂಗಸರು ಬರೆದುಕೊಂಡ ರೀತಿ ನೋಡಬೇಕಿತ್ತು. ಕೆಲವರು ಹಾಳೆ ಇಲ್ಲದೆ ಅಂಗೈ ಮೇಲೇ ಬರೆದುಕೊಂಡರು.

ಆಗ ಇನ್ನೊಂದು ವಿಷಯ ಹೊರಗೆ ಬಂತು. ಒಂದು ಚಿಕ್ಕ ಸಭೆಯಲ್ಲಿ ಇಂಥ ಕನಸು ಬಿದ್ದವರನ್ನು ಮೂರು ದಿನ ಉಪವಾಸ ಪ್ರಾರ್ಥನೆಗೆ ಕೂರಿಸುತ್ತಿದ್ದರು. ಆ ಮೂರು ದಿನ ಮಾತ್ರೆಯೂ ಇಲ್ಲ. ಮಾತ್ರೆ ನಿಂತಾಗ ಕನಸೂ ನಿಲ್ಲುತ್ತಿತ್ತು. ಪ್ರಾರ್ಥನೆ ಫಲಿಸಿತು ಎಂದು ಎಲ್ಲರೂ ನಂಬುತ್ತಿದ್ದರು. ಆಮೇಲೆ ಕೆಲವರು ಮಾತ್ರೆಯ ಕಡೆ ಮತ್ತೆ ತಿರುಗಿಯೇ ನೋಡಲಿಲ್ಲ. ಆ ಪಾಲಕರು ಕೆಟ್ಟವರಲ್ಲ. ತಮ್ಮ ಜನರ ಜೊತೆ ತಾವೂ ಮೂರು ದಿನ ಹಸಿದು ಕೂರುತ್ತಿದ್ದ ಮನುಷ್ಯ.

ನಾನು ಔಷಧಕ್ಕೆ ಬಗ್ಗದ ವೈರಸ್ ಬೆಳೆಯುವ ವಿಚಾರ ಹೇಳಿದೆ. ಅರ್ಧ ಕಿತ್ತ ಕಳೆ ಇನ್ನೂ ಜೋರಾಗಿ ಬರುತ್ತದಲ್ಲ, ಹಾಗೆ ಅಂದೆ. ಆ ಪಾಲಕರು ತಲೆಯಾಡಿಸಿದರು, ಆದರೆ ಮುಖ ಬಿಗಿಯಾಗೇ ಇತ್ತು. ಬಿಗಿ ಸಡಿಲಿಸಿದ್ದು ಅವರ ಪಕ್ಕ ಕೂತಿದ್ದ ಇನ್ನೊಬ್ಬ ಪಾಲಕರು. ಅಲ್ಲಿ ಪಾಲಕರಿಗೆ ಅಬುಸ ಅನ್ನುತ್ತಾರೆ, ಕುರುಬ ಎಂದು ಅರ್ಥ. ಅವರು ಬೈಬಲ್ ತೆಗೆದು ಅರಸನಾದ ಹಿಜ್ಕೀಯನ ಕಥೆ ಓದಿದರು. ಅರಸ ಅತ್ತು ಪ್ರಾರ್ಥಿಸಿದ, ದೇವರು ಕೇಳಿದ, ಗುಣಪಡಿಸುತ್ತೇನೆ ಅಂದ. ಆದರೂ ಪ್ರವಾದಿ ಯೆಶಾಯ ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸಿದ. "ಪ್ರಾರ್ಥನೆ ಕೇಳಿದ ಮೇಲೂ ಅಂಜೂರ ಕಟ್ಟಿಸಿದ್ದು ಯಾಕೆ?" ಎಂದು ಕೇಳಿದರು. ತುಂಬಾ ಹೊತ್ತು ಚರ್ಚೆಯಾಯಿತು. ಉಪವಾಸ ಇರುವುದು ಊಟಕ್ಕೆ, ಮಾತ್ರೆಗೆ ಅಲ್ಲ, ನೀರಿನ ಜೊತೆ ಮಾತ್ರೆ ನುಂಗಿಯೇ ಪ್ರಾರ್ಥನೆಗೆ ಕೂರಬೇಕು ಎಂದು ಪಾಲಕರೇ ತೀರ್ಮಾನ ಮಾಡಿದರು. ನಾನು ಸಾವಿರ ಸಲ ಹೇಳಿದ್ದರೂ ಆಗದ ಕೆಲಸ ಅದು.

ಗುಟ್ಟಿನ ವಿಷಯಕ್ಕೆ ಮಾತ್ರ ಯಾವ ವಚನವೂ ಬೇಗ ಸಿಗಲಿಲ್ಲ. ಅಲ್ಲೂ ನಮ್ಮಲ್ಲಿಯ ಹಾಗೇ ಆರಾಧನೆಯ ಕೊನೆಗೆ ಪ್ರಾರ್ಥನಾ ವಿನಂತಿ ಇರುತ್ತದೆ. "ಇಂಥ ಸಹೋದರಿ ದೊಡ್ಡ ಆಸ್ಪತ್ರೆಗೆ ಓಡಾಡುತ್ತಿದ್ದಾಳೆ, ಅವಳಿಗಾಗಿ ಪ್ರಾರ್ಥಿಸಿ." ಹೇಳುವವರ ಮನಸ್ಸು ಶುದ್ಧವೇ. ಆದರೆ ಸಂಜೆಯೊಳಗೆ ಇಡೀ ಊರಿಗೆ ಗೊತ್ತು. ಮಲಾವಿಯಲ್ಲಿ ಪ್ರತಿ ರೋಗಿಗೂ ಹೆಲ್ತ್ ಪಾಸ್‌ಪೋರ್ಟ್ ಎಂಬ ಸಣ್ಣ ಪುಸ್ತಕ ಇರುತ್ತದೆ. ಹೆಂಗಸರು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಚಿತೆಂಜೆಯ ಮಡಿಕೆಯಲ್ಲಿ ಇಟ್ಟುಕೊಂಡು, ತಮ್ಮೂರಿನ ಕ್ಲಿನಿಕ್ ಬಿಟ್ಟು ದೂರದ ಕ್ಲಿನಿಕ್ಕಿಗೆ ಹೋಗುವುದನ್ನು ಕಣ್ಣಾರೆ ಕಂಡೆ. ಯಾಕೆ ಅಷ್ಟು ದೂರ ಎಂದು ಕೇಳಿದರೆ, ಹತ್ತಿರದಲ್ಲಿ ಸಭೆಯವರು ಇರ್ತಾರೆ ಅನ್ನುವ ಉತ್ತರ.

ಇದಕ್ಕೆ ಒಂದು ಆಟ ಮಾಡಿಸಿದೆ. ಊರಲ್ಲಿ ಆಶಾ ಕಾರ್ಯಕರ್ತೆಯರಿಗೆ ಮಾಡಿಸುತ್ತಿದ್ದದ್ದೇ. ಪ್ರತಿಯೊಬ್ಬರೂ ತಮ್ಮ ಜೀವನದ ಒಂದು ಗುಟ್ಟನ್ನು ಚೀಟಿಯಲ್ಲಿ ಬರೆದು, ನಾಲ್ಕಾಗಿ ಮಡಚಿ, ಪಕ್ಕದವರ ಎಡಗೈಯಲ್ಲಿ ಇಡಬೇಕು. ಅವರು ಬಿಚ್ಚಬಾರದು, ಕೆಳಗೆ ಇಡಬಾರದು, ಜೇಬಿಗೆ ಹಾಕಬಾರದು. ಮಧ್ಯಾಹ್ನದ ಪ್ರಾರ್ಥನೆವರೆಗೂ ಮುಷ್ಟಿಯಲ್ಲೇ ಇರಬೇಕು.

ಊಟ ಬಂತು. ನ್ಸಿಮಾ ಅಂದರೆ ಜೋಳದ, ಅಂದರೆ ಮೆಕ್ಕೆಜೋಳದ ಬಿಳಿ ಮುದ್ದೆ. ಮುರಿದು, ಉಂಡೆ ಮಾಡಿ, ಸೊಪ್ಪಿನ ಪಲ್ಯಕ್ಕೆ ಅದ್ದಿ ತಿನ್ನುವುದು. ಅಲ್ಲಿ ಊಟಕ್ಕೆ ಮೊದಲು ಒಬ್ಬರು ಜಗ್ಗಿನಿಂದ ಎಲ್ಲರ ಕೈಗೂ ನೀರು ಹುಯ್ಯುತ್ತಾರೆ. ಉಪವಾಸ ಮಾಡಿಸುತ್ತಿದ್ದ ಆ ಪಾಲಕರ ಸರದಿ ಬಂತು. ಬಲಗೈ ಚಾಚಿದರು. ಎಡಗೈ ಮುಷ್ಟಿ ಎದೆಗೆ ಒತ್ತಿಕೊಂಡೇ ಇದ್ದರು. ಒಂದೇ ಕೈಯನ್ನು ಅದರಷ್ಟಕ್ಕೇ ಉಜ್ಜಿ ತೊಳೆದುಕೊಳ್ಳುವುದು ಕಷ್ಟ, ಅಲ್ವಾ? ನೀರು ಹುಯ್ಯುತ್ತಿದ್ದ ಹುಡುಗಿಯೇ ಅವರ ಬೆರಳು ಉಜ್ಜಿದಳು. ಊಟದ ಮಧ್ಯೆ ತಟ್ಟೆ ಜಾರಿತು. ಎಡಗೈಯಲ್ಲಿ ಹಿಡಿಯಲು ಹೋಗಿ, ತಡೆದು, ಮೊಣಕೈಯಲ್ಲಿ ಆತುಕೊಂಡರು. ಪ್ರಾರ್ಥನೆಯ ಹೊತ್ತಿಗೆ ಚೀಟಿ ಬೆವರಿಗೆ ಒದ್ದೆಯಾಗಿತ್ತು. ಅದನ್ನು ಬರೆದವರಿಗೆ ವಾಪಸ್ ಕೊಟ್ಟು, "ಇಷ್ಟು ಭಾರ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ" ಅಂದರು. ಅಂದಿನಿಂದ ಅವರ ಸಭೆಯಲ್ಲಿ ಪ್ರಾರ್ಥನಾ ವಿನಂತಿಗೆ ಬೇರೆಯವರ ಹೆಸರು, ಕಾಯಿಲೆ ಹೇಳುವುದನ್ನು ನಿಲ್ಲಿಸಿದರು. ಯಾರ ಬಗ್ಗೆಯಾದರೂ ಹೇಳಬೇಕಾದರೆ ಮೊದಲು ಅವರ ಒಪ್ಪಿಗೆ ಬೇಕು.

ಪಾಲಕರಿಗೆ ಉಗಾಂಡಾದ ಕ್ಯಾನನ್ ಗಿಡಿಯನ್ ಬ್ಯಾಮುಗಿಶಾ ಅವರ ವಿಷಯವನ್ನೂ ಹೇಳಿದೆ. ತನಗೆ ಎಚ್‌ಐವಿ ಇದೆ ಎಂದು 1992ರಲ್ಲಿ ಬಹಿರಂಗವಾಗಿ ಹೇಳಿದ ಆಫ್ರಿಕಾದ ಮೊದಲ ಧರ್ಮಗುರು ಅವರು. ಅದನ್ನು ಕೇಳಿದ ಇಬ್ಬರು ಪಾಲಕರು ನಾವೂ ಸಭೆಯ ಮುಂದೆಯೇ ಪರೀಕ್ಷೆ ಮಾಡಿಸಿಕೊಂಡು ಫಲಿತಾಂಶ ಹೇಳುತ್ತೇವೆ ಅಂದರು. ನಾನು ಬೇಡ ಅಂದೆ. ಪರೀಕ್ಷೆ ಮಾಡಿಸಿದೆ ಎಂದು ಹೇಳಿ, ಫಲಿತಾಂಶ ಹೇಳಬೇಡಿ. ಪಾಲಕರು ನೆಗೆಟಿವ್ ಎಂದು ವೇದಿಕೆ ಮೇಲೆ ಹೇಳಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯ ನಡುವೆ ಕೂತ ಪಾಸಿಟಿವ್ ಹೆಣ್ಣುಮಗಳಿಗೆ ಏನನ್ನಿಸಬೇಕು? ಇದರಲ್ಲಿ ನಮ್ಮ ತಂಡದಲ್ಲೇ ಒಮ್ಮತ ಇರಲಿಲ್ಲ. ನನ್ನ ಅಭಿಪ್ರಾಯ ಇಂದಿಗೂ ಅದೇ.

ಮದುವೆಯ ವಿಷಯದಲ್ಲಿ ನಾವು ಪೂರ್ತಿ ಗೆಲ್ಲಲಿಲ್ಲ. ಕೆಲವು ಸಭೆಗಳಲ್ಲಿ ಎಚ್‌ಐವಿ ಪರೀಕ್ಷೆಯ ಚೀಟಿ ತರದಿದ್ದರೆ ಮದುವೆ ಮಾಡಿಸುತ್ತಿರಲಿಲ್ಲ. ಒಬ್ಬರು ಪಾಸಿಟಿವ್ ಆದರೆ ಸಂಬಂಧ ಅಲ್ಲಿಗೇ ಮುರಿಯುತ್ತಿತ್ತು. ಅವರಿಗೆ 2011ರಲ್ಲಿ ಹೊರಬಂದ ದೊಡ್ಡ ಅಧ್ಯಯನದ ಬಗ್ಗೆ ಹೇಳಿದೆ. 9 ದೇಶಗಳ 1,763 ಜೋಡಿಗಳು, ಗಂಡ ಹೆಂಡಿರಲ್ಲಿ ಒಬ್ಬರಿಗೆ ಮಾತ್ರ ಎಚ್‌ಐವಿ. ಬೇಗ ಚಿಕಿತ್ಸೆ ಶುರು ಮಾಡಿದವರಿಂದ ಸಂಗಾತಿಗೆ ಹರಡುವುದು ಶೇ. 96ರಷ್ಟು ಕಡಿಮೆಯಾಗಿತ್ತು. ಮಾತ್ರೆ ಸರಿಯಾಗಿ ತಗೊಂಡು, ಪರೀಕ್ಷೆಯಲ್ಲಿ ವೈರಸ್ ಸಿಗದಷ್ಟು ಕಡಿಮೆಯಾದರೆ ಲೈಂಗಿಕ ಸಂಪರ್ಕದಿಂದ ಹರಡುವುದೇ ಇಲ್ಲ ಎಂದು ನಂತರದ ಅಧ್ಯಯನಗಳು ತೋರಿಸಿವೆ. "ಇದು ಎಲ್ಲೋ ಅಮೆರಿಕದಲ್ಲಿ ಮಾತ್ರ ಆದದ್ದಲ್ಲ, ನಿಮ್ಮ ಬ್ಲಾಂಟೈರ್‌ನಲ್ಲೂ ಆಯಿತು, ನಮ್ಮ ಚೆನ್ನೈ, ಪುಣೆಯಲ್ಲೂ ಆಯಿತು" ಅಂದಾಗ ಒಂದಿಷ್ಟು ಜನ ನೆಟ್ಟಗೆ ಕೂತರು. ಕೆಲವರು ಒಪ್ಪಿದರು. ನಾಲ್ಕು ಸಭೆಯವರು ಒಪ್ಪಲಿಲ್ಲ.

ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು, ಮುಂದೆ ಹೋಗುವವರಿಗೆ ಉಪಯೋಗವಾಗಲಿ ಎಂದು. ಒಂಬತ್ತನೇ ದಿನ ನಮ್ಮ ಯುವಕನೊಬ್ಬ ಹೆಂಗಸರ ಗುಂಪಿನ ಫೋಟೋ ತೆಗೆದು, ಅವರು ಯಾರು ಎಂದು ಬರೆದು, ನಮ್ಮ ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿದ. ಇಡೀ ವಾರ ಗುಟ್ಟಿನ ಬಗ್ಗೆ ಕಲಿಸಿದವರು ನಾವು. ಅವನಿಗೆ ಬಯ್ಯುವ ಹಕ್ಕು ನನಗಿರಲಿಲ್ಲ. ಊರು ಬಿಡುವ ಮೊದಲೇ ಕ್ಯಾಮೆರಾ ಬಗ್ಗೆ ನಿಯಮ ಮಾಡಬೇಕಿದ್ದವಳು ನಾನು. ಫೋಟೋ ಅಳಿಸಿಸಿ, ಅಗೋಗೋ ಮತ್ತು ಆ ಹೆಂಗಸರ ಮುಂದೆ ಕೂತು ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆವು. ಒಬ್ಬರು ಎದ್ದು ಹೊರಗೆ ಹೋದರು, ಮತ್ತೆ ಬರಲಿಲ್ಲ.

ಅಗೋಗೋ ಇದ್ದ ಹೆಂಗಸರ ಸಂಘದ ಹೆಸರು ಮ್ವಾನೋ. ಒಬ್ಬರನ್ನೊಬ್ಬರು ಕೇಳಿಸಿಕೊಂಡು ಹೊಂದಿಕೊಳ್ಳುವುದು ಎಂಬ ಅರ್ಥದ, ಅಲ್ಲಿನ ಚಿಚೆವಾ ಭಾಷೆಯ ಮಾತಿನಿಂದ ಬಂದದ್ದು. ನಮ್ಮ ಅನ್ಯೋನ್ಯ ಕೂಟ ನೆನಪಾಯಿತು. ನಾವು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರು ಹಾಸಿಗೆ ಹಿಡಿದವರ ಮನೆಗೆ ಹೋಗಿ ನೀರು ತುಂಬಿ, ಗಂಜಿ ಕುಡಿಸಿ, ಬಟ್ಟೆ ಒಗೆದು ಬರುತ್ತಿದ್ದರು. ಅವರನ್ನು ತರಬೇತಿಗೆ ಕರೆದದ್ದು ಪಾಲಕರಿಗೆ ಅಡುಗೆ ಮಾಡಲು. ನಮ್ಮ ದುಭಾಷಿ ಮೇಷ್ಟ್ರು ಹಟ ಹಿಡಿದು ಅವರನ್ನು ಒಳಗೆ ಕೂರಿಸಿದ್ದರು. ಆ ಮೇಷ್ಟ್ರಿಗೆ ನಾನು ಋಣಿ.

ಅಲ್ಪಾವಧಿಯ ಸೇವೆ ಬೇಕೇ ಬೇಡವೇ ಎಂದು ಈಗಲೂ ಯೋಚಿಸುತ್ತೇನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ವರ್ಷಗಟ್ಟಲೆ ಇದ್ದು ನಮ್ಮ ಭಾಷೆ ಕಲಿತರು. ನಾವು ಹತ್ತು ಚಿಚೆವಾ ಮಾತು ಕಲಿತು ವಾಪಸ್ ಬಂದೆವು. ಐದು ಜನರ ವಿಮಾನದ ಖರ್ಚೇ ಮೂರೂವರೆ ಲಕ್ಷ ಆಗಿತ್ತು. ಅದಕ್ಕೇ 2019ರಲ್ಲಿ ಇಬ್ಬರೇ ಹೋದೆವು. ಉಳಿದ ಹಣವನ್ನು ಮ್ವಾನೋದ ಹೆಂಗಸರು ಬೇರೆ ಸಭೆಗಳಿಗೆ ಹೋಗಿ ಕಲಿಸಲು ಮಿನಿಬಸ್ಸಿನ ಖರ್ಚಿಗೆ ಕೊಟ್ಟೆವು. ಅಷ್ಟರಲ್ಲಿ ಡೊಲುಟೆಗ್ರಾವಿರ್ ಇರುವ ಹೊಸ ಮಾತ್ರೆ ಬರತೊಡಗಿತ್ತು. ಸತ್ತ ಗಂಡ ಈಗ ಬರುವುದಿಲ್ಲವಂತೆ ಎಂದು ಅಗೋಗೋ ಹೇಳಿದರು. ಹೆಸರು ಆಗಲೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಸಲ ಚೀಟಿಯ ಆಟ ಆಡಿಸಿದವರು ಅಗೋಗೋ. ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಎಡಗೈಯಲ್ಲಿ ಯಾರದೋ ಚೀಟಿ ಇಟ್ಟು, ಬೆರಳುಗಳನ್ನು ತಾವೇ ಮಡಚಿದರು. ಮದುವೆಗೆ ಎಚ್‌ಐವಿ ಪರೀಕ್ಷೆಯ ಚೀಟಿ ಕೇಳುತ್ತಿದ್ದ ನಾಲ್ಕು ಸಭೆಗಳಲ್ಲಿ ಒಂದು ಅಷ್ಟರಲ್ಲಿ ನಿಲ್ಲಿಸಿತ್ತು. ಉಳಿದ ಮೂರು ಸಭೆಗಳ ಪಾಲಕರ ಹೆಂಡತಿಯರನ್ನು ಅಗೋಗೋ ಗುರುವಾರ ಗುರುವಾರ ಮನೆಗೆ ಹೋಗಿ ಮಾತಾಡಿಸುತ್ತಿದ್ದರು.