‘ಬಂದಾಗ’, ‘ಬಂದ ಮೇಲೆ’: ಇವನ್ನು ಇಂಗ್ಲಿಷಿನಲ್ಲಿ ಹೇಳೋದು ಹೇಗೆ?

“ವೆನ್ ಐ ವಿಲ್ ರೀಚ್ ವಿಜಯಪುರ, ಐ ವಿಲ್ ಕಾಲ್ ಯು.” ಬಾಗಲಕೋಟೆಯಲ್ಲಿ ಬಸ್ ಹತ್ತಿದವರು ಫೋನಿನಲ್ಲಿ ಹೀಗೆ ಹೇಳೋದನ್ನು ನೀವೂ ಕೇಳಿರುತ್ತೀರಿ. ಅರ್ಥ ಆಗುತ್ತೆ. ಆದರೆ ಪರೀಕ್ಷೆಯಲ್ಲಿ ಬರೆದರೆ ತಪ್ಪು. ಮೊದಲನೇ ವಿಲ್ ತೆಗೆಯಿರಿ: “ವೆನ್ ಐ ರೀಚ್ ವಿಜಯಪುರ, ಐ ವಿಲ್ ಕಾಲ್ ಯು.”

ಇದನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ನಮ್ಮ ಮಾತನ್ನೇ ನೋಡಿ. “ನಾಳೆ ಊರು ಮುಟ್ಟಿದಾಗ ಫೋನ್ ಮಾಡ್ತೀನಿ” ಅಂತೀವಿ. ಮುಟ್ಟೋದು ನಾಳೆ, ಆದರೂ ‘ಮುಟ್ಟಿದಾಗ’ ಅನ್ನೋದು ಆಗಲೇ ಮುಗಿದ ಕೆಲಸದ ಹಾಗೆ ಕೇಳಿಸುತ್ತೆ ಅಲ್ವಾ? ಮುಂದಿನ ಕಾಲ ಇರೋದು ಕೊನೆಯ ‘ಮಾಡ್ತೀನಿ’ಯಲ್ಲಿ ಮಾತ್ರ. ಇಂಗ್ಲಿಷಿನಲ್ಲೂ ವಿಲ್ ಒಂದೇ ಕಡೆ, ಮುಖ್ಯ ವಾಕ್ಯದಲ್ಲಿ. ಆಫ್ಟರ್, ಬಿಫೋರ್, ಅಂಟಿಲ್, ಆ್ಯಸ್ ಸೂನ್ ಆ್ಯಸ್, ಎಲ್ಲಕ್ಕೂ ಇದೇ ನಿಯಮ. “ಆಫ್ಟರ್ ವಿ ಫಿನಿಶ್ ದ ಹಾರ್ವೆಸ್ಟ್, ವಿ ವಿಲ್ ಗೋ ಟು ಕೂಡಲಸಂಗಮ.”

ಹಾಗಾದರೆ “ಐ ಡೋಂಟ್ ನೋ ವೆನ್ ಹಿ ವಿಲ್ ಕಮ್” ತಪ್ಪಾ? ಅಲ್ಲ, ಸರಿ. ಇಲ್ಲಿ ಎಷ್ಟೋ ಜನ ಗೊಂದಲ ಮಾಡಿಕೊಳ್ಳುತ್ತಾರೆ, ಆದರೆ ಕನ್ನಡ ಬಲ್ಲವರಿಗೆ ಸುಲಭದ ದಾರಿ ಇದೆ. ಆ ವೆನ್ ಕನ್ನಡದಲ್ಲಿ ‘ಯಾವಾಗ’ ಆದರೆ ವಿಲ್ ಇರಲಿ, “ಅವನು ಯಾವಾಗ ಬರ್ತಾನೋ ಗೊತ್ತಿಲ್ಲ” ಅನ್ನುವ ಹಾಗೆ. ‘ಬಂದಾಗ’ ಆದರೆ ವಿಲ್ ಬೇಡ.

ಇನ್ನೊಂದು ಮಾತು. “ಊಟ ಮಾಡಿದ ಮೇಲೆ ಬರ್ತೀನಿ” ಅನ್ನುವಾಗ ‘ನಾನು’ ಅಂತ ಹೇಳೋದೇ ಇಲ್ಲ. ಅದೇ ರೂಢಿಯಲ್ಲಿ “ಆಫ್ಟರ್ ಈಟ್” ಅಂದರೆ ನಡೆಯಲ್ಲ. “ಆಫ್ಟರ್ ಐ ಈಟ್” ಅನ್ನಿ, ಇಲ್ಲವೇ “ಆಫ್ಟರ್ ಈಟಿಂಗ್” ಅನ್ನಿ.

ಅಂಟಿಲ್ ಅಂದರೆ ‘ತನಕ’, ಅದಕ್ಕೆ ನಾಟ್ ಸೇರಿಸಬೇಡಿ: “ವೇಟ್ ಅಂಟಿಲ್ ದ ಬಸ್ ಕಮ್ಸ್.” ಒಂದು ಕೆಲಸ ನಡೀತಾ ಇದ್ದಾಗ ನಡುವೆ ಇನ್ನೊಂದು ಆದರೆ ವೈಲ್ ಬಳಸಿ: “ವೈಲ್ ಐ ವಾಸ್ ವೇಟಿಂಗ್, ಮೈ ಫೋನ್ ರ್‍ಯಾಂಗ್.”

ಸಿನ್ಸ್‌ಗೆ ಸ್ವಲ್ಪ ಗಮನ ಬೇಕು. ಶುರುವಾದ ಘಟನೆ ಭೂತಕಾಲದಲ್ಲಿ, ಇವತ್ತಿಗೂ ನಡೆದಿರೋದು ಹ್ಯಾವ್ ಜೊತೆ. ಬಿಜಾಪುರದ ಹೆಸರು ಅಧಿಕೃತವಾಗಿ ವಿಜಯಪುರ ಆಗಿದ್ದು 2014ರಲ್ಲಿ, ಹಳೇ ಹೆಸರೂ ಬಾಯಲ್ಲಿ ಉಳಿದಿದೆ. ಅದನ್ನು ಹೀಗೆ ಹೇಳಬಹುದು: “ಸಿನ್ಸ್ ದ ನೇಮ್ ಚೇಂಜ್ಡ್ ಇನ್ 2014, ಪೀಪಲ್ ಹ್ಯಾವ್ ಯೂಸ್ಡ್ ಬೋತ್ ನೇಮ್ಸ್.”

ಬೈ ದ ಟೈಮ್ ಅಂದರೆ ‘ಅಷ್ಟೊತ್ತಿಗೆ’. ಮೊದಲೇ ಮುಗಿದುಹೋದ ಕೆಲಸಕ್ಕೆ ಹ್ಯಾಡ್ ಬರುತ್ತೆ: “ಬೈ ದ ಟೈಮ್ ವಿ ರೀಚ್ಡ್ ಬಾಗಲಕೋಟೆ, ದ ಟ್ರೇನ್ ಹ್ಯಾಡ್ ಲೆಫ್ಟ್.”

ಬರೆಯುವಾಗ ಸಮಯದ ಮಾತು ಮೊದಲು ಬಂದರೆ ಅದರ ಕೊನೆಗೆ ಅಲ್ಪವಿರಾಮ ಹಾಕಿ. ಆಮೇಲೆ ಬಂದರೆ ಸಾಮಾನ್ಯವಾಗಿ ಬೇಡ: “ಐ ವಿಲ್ ಕಾಲ್ ಯು ವೆನ್ ಐ ರೀಚ್ ವಿಜಯಪುರ.”