ಯಾರೂ ಒಯ್ಯದ ಮೂರನೆಯ ಭಾಗ

"ಬಾಡಿಗೆ ಪುಸ್ತಕದಲ್ಲಿ ಮಕ್ಕಳ ಕೈಯಿಂದ ಬರೆಸುತ್ತೀಯಾ? ನಿನಗೆ ತಲೆ ಕೆಟ್ಟಿದೆ" ಎಂದಿದ್ದ ಗೆಳೆಯ ಕಳೆದ ತಿಂಗಳು ತನ್ನ ಲೈಬ್ರರಿಯ 'ಅಲೀಜಿಯಂಟ್' ಕಾದಂಬರಿಯ ಎರಡು ಪ್ರತಿಗಳನ್ನು ಚೀಲದಲ್ಲಿ ಹಾಕಿಕೊಂಡು ನನ್ನ ಬಳಿಗೆ ಬಂದ. ಯಾರೂ ಒಯ್ಯದ ಆ ಪುಸ್ತಕಕ್ಕೆ ಓದುಗರಿಂದಲೇ ಅಂತ್ಯ ಬರೆಸಿದ ಕಥೆಯನ್ನು, ಅವನೂ ಬಂದ ಮೇಲೆ, ಇನ್ನು ಹೇಳಲು ಸಂಕೋಚವಿಲ್ಲ.

ಮೈಸೂರಿನಲ್ಲಿ ನನ್ನದು ಸಣ್ಣ ಸರ್ಕ್ಯುಲೇಟಿಂಗ್ ಲೈಬ್ರರಿ. ವೆರೋನಿಕಾ ರಾತ್ ಬರೆದ ಮೂರು ಭಾಗದ ಇಂಗ್ಲಿಷ್ ಕಾದಂಬರಿಯ ಮೊದಲ ಭಾಗ, 2011ರ 'ಡೈವರ್ಜೆಂಟ್', ನನಗೆ ಅನ್ನ ಹಾಕಿದ ಪುಸ್ತಕ. ನಾಲ್ಕು ಪ್ರತಿ ಇಟ್ಟಿದ್ದರೂ ಒಂದೂ ಕಪಾಟಿನಲ್ಲಿ ನಿಲ್ಲುತ್ತಿರಲಿಲ್ಲ. ಐದು ಪಂಗಡಗಳಾಗಿ ಹಂಚಿಹೋದ ಷಿಕಾಗೋ, ಹದಿನಾರಕ್ಕೆ ತನ್ನ ಪಂಗಡ ಆರಿಸಿಕೊಳ್ಳಬೇಕಾದ ಹುಡುಗಿ. ಪಿಯುಸಿಯಲ್ಲಿ ಸೈನ್ಸೋ ಕಾಮರ್ಸೋ ಎಂದು ಮನೆಯಲ್ಲಿ ಜಗಳ ನಡೆಯುತ್ತಿದ್ದ ಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡನೆಯ ಭಾಗವೂ ಅದೇ ಬಿಸಿಯಲ್ಲಿ ಓಡಿತು. 2013ರ ಅಕ್ಟೋಬರಿನಲ್ಲಿ ಮೂರನೆಯ ಭಾಗ 'ಅಲೀಜಿಯಂಟ್' ಬಂದಾಗ ಧೈರ್ಯ ಮಾಡಿ ಆರು ಪ್ರತಿ ತರಿಸಿದೆ. ಎರಡು ಸಾವಿರಕ್ಕೆ ಸ್ವಲ್ಪ ಮೇಲಾಗಿತ್ತು.

ಎರಡೇ ವಾರ. ಆಮೇಲೆ ಒಬ್ಬಳು ಪುಸ್ತಕವನ್ನು ಮೇಜಿನ ಮೇಲೆ ಮಗುಚಿ ಹಾಕಿ, "ಅಂಕಲ್, ಇದಕ್ಕೆ ಬಾಡಿಗೆ ಕೊಡುವುದಿಲ್ಲ" ಎಂದಳು. ಕೊನೆಯಲ್ಲಿ ನಾಯಕಿ ಟ್ರಿಸ್ ಸಾಯುತ್ತಾಳೆ (ಇಷ್ಟು ವರ್ಷದ ಮೇಲೆ ಇದು ಗುಟ್ಟಲ್ಲ). ಸೋಮವಾರದ ಹೊತ್ತಿಗೆ ಶಾಲೆಯ ವ್ಯಾನುಗಳಿಗೆಲ್ಲ ಸುದ್ದಿ ಮುಟ್ಟಿತ್ತು. ಆದರೆ ಸಾವೊಂದನ್ನೇ ದೂರಿದರೆ ಅನ್ಯಾಯ. ಮೊದಲೆರಡು ಭಾಗಗಳಲ್ಲಿ ಟ್ರಿಸ್ ಒಬ್ಬಳೇ ಕಥೆ ಹೇಳುತ್ತಾಳೆ. ಮೂರನೆಯದರಲ್ಲಿ ಅವಳ ಪ್ರೇಮಿ ಟೊಬಾಯಸ್‌ನೂ ಸರದಿಯ ಮೇಲೆ ಹೇಳುತ್ತಾನೆ, ಆದರೆ ಇಬ್ಬರ ದನಿಯೂ ಒಂದೇ. ಯಾರು ಮಾತಾಡುತ್ತಿದ್ದಾರೆಂದು ತಿಳಿಯಲು ಅಧ್ಯಾಯದ ತಲೆಯಲ್ಲಿರುವ ಹೆಸರು ನೋಡಲು ಹಿಂದಕ್ಕೆ ಹೋಗಬೇಕು. ನಗರದಾಚೆ ಏನಿದೆ ಎಂದು ಎರಡು ಪುಸ್ತಕ ಕಾದವರಿಗೆ ಸಿಕ್ಕಿದ್ದು, ಹಳೆಯ ವಿಮಾನ ನಿಲ್ದಾಣದಲ್ಲಿ ಜೀನ್‌ಗಳ ಪಾಠ.

ಬಾಡಿಗೆ ಅರ್ಧ ಮಾಡಿದೆ, ಯಾರೂ ತಿರುಗಿ ನೋಡಲಿಲ್ಲ. ಬೇರೆ ಪುಸ್ತಕದ ಜೊತೆ ಬಿಟ್ಟಿ ಕೊಟ್ಟೆ, "ಇದು ಇಲ್ಲೇ ಇರಲಿ, ಭಾರ" ಎಂದರು. ಕೊನೆಯ ಅರವತ್ತು ಪುಟಗಳಿಗೆ ಟೇಪು ಸುತ್ತಿ 'ಧೈರ್ಯವಿದ್ದರೆ ಬಿಚ್ಚಿ' ಎಂದು ಚೀಟಿ ಅಂಟಿಸಿದೆ. ಬಿಚ್ಚಿದರು, ಟೇಪಿನ ಜೊತೆ ಹಿಂದಿನ ರಟ್ಟೂ ಬಂತು. ಆ ಪ್ರತಿಯನ್ನೂ ಇನ್ನೊಂದನ್ನೂ ರದ್ದಿಗೆ ಹಾಕಿದೆ, ಎರಡಕ್ಕೂ ಸೇರಿ ಒಂದು ಕಾಫಿಯ ದುಡ್ಡು ಬಂತು. 2016ರಲ್ಲಿ ಸಿನಿಮಾ ಬಂದಾಗಲಾದರೂ ಓಡೀತು ಎಂದುಕೊಂಡಿದ್ದೆ. ಸಿನಿಮಾವೇ ಮಲಗಿತು. ಅದರ ಮುಂದಿನದನ್ನು ಅವರು ಮಾಡಲೇ ಇಲ್ಲ.

ಆಮೇಲೊಂದು ದಿನ ಹಿಂದಿರುಗಿದ ಪ್ರತಿಯೊಂದರಲ್ಲಿ ಮಡಚಿದ ಉದ್ದ ನೋಟ್‌ಬುಕ್ಕಿನ ಹಾಳೆ ಸಿಕ್ಕಿತು. ಎರಡೂ ಮಗ್ಗುಲು ಪೆನ್ಸಿಲ್ ಬರಹ. ಪುಸ್ತಕದಲ್ಲಿ ಟ್ರಿಸ್‌ಳನ್ನು ಕೊಲ್ಲುವ ಡೇವಿಡ್‌ನ ಗುಂಡು ಇಲ್ಲಿ ಗುರಿ ತಪ್ಪುತ್ತದೆ, ಟ್ರಿಸ್ ತೋಳಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ನಡೆದು ಬರುತ್ತಾಳೆ. ಎಸೆಯಲು ಮನಸ್ಸಾಗದೆ ಅಲ್ಲೇ ಬಿಟ್ಟೆ. ಮುಂದಿನ ವಾರ ಹುಡುಗನೊಬ್ಬ ಬಂದು, "ಆ ಹಾಳೆ ಇರುವ ಪ್ರತಿ ಕೊಡಿ" ಎಂದ.

ಉಳಿದ ನಾಲ್ಕು ಪ್ರತಿಗಳಿಗೂ ಕೊನೆಯಲ್ಲಿ ಹದಿನಾರು ಖಾಲಿ ಪುಟ ಸೇರಿಸಲು ಬೈಂಡರ್ ಬಳಿಗೆ ಒಯ್ದೆ. "ಸಾರ್, ಇದು ಪುಸ್ತಕವೋ ಲೆಕ್ಕದ ಬುಕ್ಕೋ?" ಎಂದು ನಕ್ಕರು. ಮೊದಲ ಸಲ ಬರೀ ಅಂಟು ಹಾಕಿಸಿದ್ದರಿಂದ ಮೂರನೆಯ ಓದುಗನ ಕೈಯಲ್ಲಿ ಹಾಳೆಗಳು ಉದುರಿದವು. ಎರಡನೆಯ ಸಲ ಬೆನ್ನು ಕತ್ತರಿಸಿ, ದಪ್ಪ ಲೆಡ್ಜರ್ ಕಾಗದ ಸೇರಿಸಿ, ದಾರದ ಹೊಲಿಗೆ ಹಾಕಿಸಿ, ರೆಕ್ಸಿನ್ ಹೊದಿಸಿದೆ. ಪ್ರತಿಗೆ ತೊಂಬತ್ತು ರೂಪಾಯಿ. ಬೆನ್ನು ತೀರಾ ಒಳಗೆ ಕತ್ತರಿಸಿದರೆ ಸಾಲುಗಳ ತುದಿ ಹೊಲಿಗೆಯೊಳಗೆ ಹೋಗುತ್ತದೆ, ಎದುರಿಗೆ ನಿಂತು ಮಾಡಿಸಿ. ಜೆಲ್ ಪೆನ್ನು ಹಿಂದಿನ ಪುಟಕ್ಕೆ ಇಳಿಯುತ್ತದೆ, ಪೆನ್ಸಿಲ್ ಮಾತ್ರ.

ಪೂರ್ತಿ ಓದಿದವರಿಗಷ್ಟೇ ಬರೆಯುವ ಹಕ್ಕು. ಓದಿದ್ದಾರೋ ಇಲ್ಲವೋ ಎಂದು ತಿಳಿಯಲು ನಾನು ಕೇಳುವುದು ಒಂದೇ ಪ್ರಶ್ನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಬೈಂಡಿಂಗ್ ದುಡ್ಡು ಎರಡು ತಿಂಗಳಲ್ಲಿ ಬಂತು. ವರ್ಷದಲ್ಲಿ ಒಂದೊಂದು ಪ್ರತಿ ಇಪ್ಪತ್ತೈದು ಸಲವಾದರೂ ಹೊರಗೆ ಹೋಗಿರಬೇಕು, ಡೇಟ್ ಸ್ಲಿಪ್ ಎರಡು ಸಲ ಬದಲಾಯಿಸಿದ್ದೇನೆ. ಒಂದರಲ್ಲಿ ಈಗ ಹನ್ನೊಂದು ಅಂತ್ಯಗಳಿವೆ. ಏಳರಲ್ಲಿ ಟ್ರಿಸ್ ಬದುಕುತ್ತಾಳೆ. ಒಂದರಲ್ಲಿ ಇಬ್ಬರೂ ಬದುಕಿ ಇಂಜಿನಿಯರಿಂಗ್ ಸೇರುತ್ತಾರೆ, ಪಾಪ. ಒಬ್ಬಳು ಸಾವನ್ನು ಮುಟ್ಟಲೇ ಇಲ್ಲ, ಟೊಬಾಯಸ್‌ನ ಒಂದು ಅಧ್ಯಾಯವನ್ನು ತುಂಡು ತುಂಡು ಮಾತಿನಲ್ಲಿ ಮತ್ತೆ ಬರೆದಳು. ಹೆಸರು ನೋಡದೆಯೇ ಅವನೆಂದು ಗೊತ್ತಾಗುತ್ತದೆ. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಒಳ್ಳೆಯ ನಾಲ್ಕು ಪುಟ ಅವೇ.

ಹುರುಪಿನಲ್ಲಿ ಮಾರ್ಕ್ ಟ್ವೇನ್‌ನ ಟಾಮ್ ಸಾಯರ್‌ನನ್ನು ಬಲೂನಿನಲ್ಲಿ ಆಫ್ರಿಕಾಕ್ಕೆ ಕಳಿಸುವ 1894ರ ಮುಂದುವರಿಕೆಗೂ ಖಾಲಿ ಪುಟ ಹೊಲಿಸಿದೆ. ಎಂಟು ತಿಂಗಳಲ್ಲಿ ಬಂದಿದ್ದು ಒಂದು ಒಂಟೆಯ ಚಿತ್ರ. ಆ ಪುಸ್ತಕದ ಮೇಲೆ ಈ ಮಕ್ಕಳಿಗೆ ಸಿಟ್ಟೇ ಇಲ್ಲ, ಇನ್ನು ಬರೆಯುವುದೆಲ್ಲಿಂದ? ತೊಂಬತ್ತು ರೂಪಾಯಿ ನಷ್ಟ.

ಗೆಳೆಯನಿಗೆ ಲೆಡ್ಜರ್ ಕಾಗದ, ದಾರ, ಪೆನ್ಸಿಲ್ ಎಲ್ಲವನ್ನೂ ಹೇಳಿಕೊಟ್ಟೆ. ಪ್ರಶ್ನೆ ಹೇಳಲಿಲ್ಲ. ಅವನ ಲೈಬ್ರರಿ ನನ್ನದರಿಂದ ಎರಡೇ ರಸ್ತೆ ಆಚೆ.