ಸಿಮೆಂಟ್ ನೆಲದ ಮೇಲೆ ಲ್ಯಾಮಿನೇಟ್ ಹಲಗೆ: ನಾನು ಹಾಸಿದ ಬಗೆ

ಲ್ಯಾಮಿನೇಟ್ ಹಲಗೆಯ ಒಡಲಲ್ಲಿರುವುದು ಮರದ ನಾರನ್ನು ಒತ್ತಿ ಮಾಡಿದ ಎಚ್‌ಡಿಎಫ್. ಮೇಲೆ ಕಾಣುವ ತೇಗದ ಬಣ್ಣ, ಗೆರೆ, ಗಂಟು ಎಲ್ಲವೂ ಕಾಗದದ ಮೇಲಿನ ಚಿತ್ರ. ಅದನ್ನು ಕಾಯಲು ಗೀರು ಬೀಳದ ಒಂದು ಗಟ್ಟಿ ಪದರ. ಮೇಲೆ ನಾಲ್ಕು ಹನಿ ನೀರು ಚೆಲ್ಲಿದರೆ ಒರೆಸಿದರಾಯಿತು. ಅಡಿಯಿಂದ ತೇವ ಏರಿದರೆ ಮಾತ್ರ ಅಂಚುಗಳು ಉಬ್ಬುತ್ತವೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ನಮ್ಮ ಮನೆ ಇರುವುದು ಶಿವಮೊಗ್ಗದಲ್ಲಿ, ಹಾಸಬೇಕಿದ್ದ ಕೋಣೆ ನೆಲಮಹಡಿಯಲ್ಲಿ. ಹಾಗಾಗಿ ಹಲಗೆಯ ಬಣ್ಣ ಆರಿಸುವ ಕೆಲಸವನ್ನು ಮನೆಯವರಿಗೆ ಬಿಟ್ಟು ನಾನು ಸಿಮೆಂಟಿನ ಹಿಂದೆ ಬಿದ್ದೆ.

ತೇವ ನೋಡುವುದಕ್ಕೆ ಯಂತ್ರವೇ ಬೇಕೆಂದಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಡಬೇಕು. ಕೋಣೆಯ ಬೇರೆ ಬೇರೆ ಕಡೆ ಹೀಗೆ ಅಂಟಿಸಿದೆ. ನಡುವೆ, ಬಾಗಿಲ ಬಳಿ ಎಲ್ಲ ಒಣಗಿತ್ತು. ಹೊರಗೋಡೆಯ ಪಕ್ಕದ ಹಾಳೆ ಕಿತ್ತಾಗ ಮಾತ್ರ ಒಳಮೈಯಲ್ಲಿ ಸಣ್ಣ ಹನಿಗಳು, ಅಡಿಯ ಸಿಮೆಂಟು ಸುತ್ತಲಿನದಕ್ಕಿಂತ ಕಪ್ಪು. ಹೊರಗೆ ಹೋಗಿ ನೋಡಿದರೆ ನೀರಿನ ತೊಟ್ಟಿಯ ಹೆಚ್ಚುವರಿ ನೀರು ಬೀಳುವ ಪೈಪು ನೇರವಾಗಿ ಆ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಪೈಪನ್ನು ಚರಂಡಿಯವರೆಗೆ ಎಳೆಸಿ, ಕೋಣೆಗೆ ಫ್ಯಾನ್ ಹಾಕಿ, ಹಾಳೆ ಒಣಗಿ ಬರುವವರೆಗೂ ಕಾದೆ. ಹೊಸದಾಗಿ ಹಾಕಿದ ಕಾಂಕ್ರೀಟ್ ಆದರೆ ಇನ್ನೂ ತಾಳ್ಮೆ ಬೇಕು: ಪ್ರತಿ ಇಂಚು ದಪ್ಪಕ್ಕೆ ಒಂದು ತಿಂಗಳು ಎಂದು ಅಂದಾಜಿಟ್ಟುಕೊಳ್ಳಬಹುದು, ಮಳೆಗಾಲದಲ್ಲಿ ಅದೂ ಸಾಲದು.

ಆಮೇಲೆ ಮಟ್ಟ. ಗಾರೆಯವರ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲೆ ಎಲ್ಲ ದಿಕ್ಕಿಗೂ ಇಟ್ಟು, ಅಡಿಯಲ್ಲಿ ಬೆಳಕು ತೂರಿದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿದೆ. ಎರಡು ಮೀಟರ್ ಉದ್ದದಲ್ಲಿ 3 ಮಿ.ಮೀ.ಗಿಂತ ಹೆಚ್ಚು ಏರುತಗ್ಗು ಇರಕೂಡದು. ಇಳಿಜಾರಿದ್ದರೆ ಚಿಂತೆಯಿಲ್ಲ, ಗುಂಡಿ ಇದ್ದರೆ ಕಷ್ಟ: ಹೆಜ್ಜೆಯಿಟ್ಟಾಗಲೆಲ್ಲ ಹಲಗೆ ಕುಗ್ಗಿ ಎದ್ದು, ಕೊನೆಗೆ ಹಲಗೆಗಳನ್ನು ಒಂದಕ್ಕೊಂದು ಕಚ್ಚಿಸುವ ಅಂಚಿನ ಕೊಂಡಿ ಮುರಿಯುತ್ತದೆ. ಉಬ್ಬುಗಳನ್ನು ಗ್ರೈಂಡರಿನಲ್ಲಿ ಉಜ್ಜಿದೆ; ಧೂಳು ವಿಪರೀತ, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ತಗ್ಗುಗಳಿಗೆ ಪ್ರೈಮರ್ ಬಳಿದು, ತಾನಾಗಿ ಹರಡಿ ಮಟ್ಟವಾಗುವ ಸಿಮೆಂಟ್ ಮಿಶ್ರಣ ಸುರಿದೆ.

ಹಲಗೆಯ ಪೆಟ್ಟಿಗೆಗಳು ಬಿಚ್ಚದೆ, ಮಲಗಿಸಿದಂತೆ, ಅದೇ ಕೋಣೆಯಲ್ಲಿ 48 ಗಂಟೆ ಇರಬೇಕು. ನಾನು ತಂದದ್ದು 8 ಮಿ.ಮೀ. ದಪ್ಪದ, ಸವೆತ ತಾಳುವ ಅಳತೆಯಲ್ಲಿ ಎಸಿ3 ದರ್ಜೆಯ ಹಲಗೆ. ಮಲಗುವ ಕೋಣೆಗೆ ಅದು ಧಾರಾಳ ಸಾಕು.

ಹಲಗೆಯ ಅಡಿಗೆ ಹಾಸಲು ಫೋಮಿನ ಜೊತೆ ಪಾಲಿಥೀನ್ ಹಾಳೆಯನ್ನೂ ಕೇಳಿದಾಗ, ‘ಫೋಮ್ ಇದೆಯಲ್ಲ ಸಾರ್, ಮತ್ತೆ ಪಾಲಿಥೀನ್ ಯಾಕೆ?’ ಎಂದು ಅಂಗಡಿಯವರು ಕೇಳಿದರು. ಬಿಳಿಯ ಸಾದಾ ಫೋಮ್ ಸದ್ದು ತಗ್ಗಿಸುತ್ತದೆ, ಸಣ್ಣ ಒರಟುತನ ಮುಚ್ಚುತ್ತದೆ. ಆದರೆ ಅದರ ತುಂಡುಗಳ ನಡುವಿನ ಸಂದಿಯಲ್ಲಿ ನೀರಾವಿ ಸಲೀಸಾಗಿ ಏರುತ್ತದೆ. 200 ಮೈಕ್ರಾನಿನ ಪಾಲಿಥೀನನ್ನು ಒಂದರ ಮೇಲೊಂದು 20 ಸೆಂ.ಮೀ. ಬರುವಂತೆ ಹಾಸಿ, ಟೇಪ್ ಹಾಕಿ, ಗೋಡೆಗೆ ಒಂದೆರಡು ಇಂಚು ಮಡಚಿ ಏರಿಸಿದೆ. ಅದರ ಮೇಲೆ ಫೋಮ್.

ಇನ್ನು ಲೆಕ್ಕ. ಕೋಣೆಯ ಅಗಲ 2900 ಮಿ.ಮೀ.; ಎರಡು ಗೋಡೆಗೂ ಹತ್ತು ಹತ್ತು ಬಿಟ್ಟರೆ 2880. ಹಲಗೆಯ ಅಗಲ 190. ಹದಿನೈದು ಸಾಲು ಮುಗಿದಾಗ ಉಳಿಯುವುದು ಬರೀ 30 ಮಿ.ಮೀ., ಅಷ್ಟು ತೆಳು ಪಟ್ಟಿ ಸರಿಯಾಗಿ ಕಚ್ಚುವುದಿಲ್ಲ, ಕಣ್ಣಿಗೂ ಚಂದವಿಲ್ಲ. ಮೊದಲ ಸಾಲನ್ನೇ ಗೋಡೆಯ ಕಡೆಯಿಂದ ಸೀಳಿ 110 ಮಾಡಿದೆ. ಕೊನೆಯದೂ 110ಕ್ಕೆ ಬಂದು ನಿಂತಿತು.

ಗೋಡೆಯ ಸುತ್ತ ಬಿಡುವ ಆ ಸಂದಿನಲ್ಲಿ ಜಿಪುಣತನ ಸಲ್ಲದು. ನಾನು ಹಾಸಿದ್ದು ಬಿರುಬೇಸಿಗೆಯಲ್ಲಿ, ಹಲಗೆ ಒಣಗಿ ಕುಗ್ಗಿರುವ ಕಾಲ. ಜುಲೈ ಬಂದರೆ ಅದೇ ಹಲಗೆ ತೇವ ಹೀರಿ ಹಿಗ್ಗುತ್ತದೆ. ಸರಿಯಲು ಜಾಗವಿಲ್ಲದಿದ್ದರೆ ನೆಲ ನಡುವೆ ಹಪ್ಪಳದಂತೆ ಏಳುತ್ತದೆ. ಇದೇ ಕಾರಣಕ್ಕೆ ಅದನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಬಾರದು, ಗೋಡೆಗೆ ಕಟ್ಟುವ ಭಾರದ ಬೀರುವನ್ನೂ ಅದರ ಮೇಲೆ ನಿಲ್ಲಿಸಬಾರದು. ಸಂದು ಮುಚ್ಚಲು ಗೋಡೆಯ ಬುಡಕ್ಕೆ ಹಾಕುವ ಪಟ್ಟಿಯನ್ನು, ಅಂದರೆ ಸ್ಕರ್ಟಿಂಗನ್ನು, ಗೋಡೆಗೆ ಮಾತ್ರ ಬಿಗಿಯಬೇಕು.

ಹಾಸುವುದು ಇಷ್ಟರ ಮುಂದೆ ಸುಲಭ. ಕಿಟಕಿಯ ಬೆಳಕು ಬೀಳುವ ದಿಕ್ಕಿಗೇ ಉದ್ದ ಹಿಡಿದು, ಹಲಗೆಯನ್ನು ಓರೆಯಾಗಿ ಕಚ್ಚಿಸಿ ಒತ್ತಿದರೆ ‘ಟಕ್’ ಎಂದು ಕೂರುತ್ತದೆ. ಅಕ್ಕಪಕ್ಕದ ಸಾಲಿನ ಕೂಡುಗಳ ನಡುವೆ 30 ಸೆಂ.ಮೀ. ಆದರೂ ಅಂತರವಿರಲಿ. ಕೈಗರಗಸದಲ್ಲಿ ಕೊಯ್ಯುವಾಗ ಚಿತ್ರದ ಮುಖ ಮೇಲಿರಬೇಕು, ಜಿಗ್‌ಸಾ ಆದರೆ ಕೆಳಗೆ; ಇಲ್ಲವಾದರೆ ಅಂಚು ಚಕ್ಕೆ ಏಳುತ್ತದೆ. ಬಾಗಿಲ ಚೌಕಟ್ಟಿನ ಬಳಿ ಹಲಗೆಯನ್ನು ಸುತ್ತ ಕೆತ್ತುತ್ತ ಕೂರುವ ಬದಲು ಚೌಕಟ್ಟಿನ ಕಾಲನ್ನೇ ಕೊಯ್ದೆ: ಫೋಮಿನ ಮೇಲೆ ಹಲಗೆಯ ತುಂಡೊಂದನ್ನು ಕವುಚಿಟ್ಟು, ಅದರ ಮೇಲೆ ಗರಗಸ ಮಲಗಿಸಿ ಎಳೆದರೆ ಎತ್ತರ ತಾನಾಗಿ ಸಿಗುತ್ತದೆ, ಹಲಗೆ ಅಡಿಯಲ್ಲಿ ನುಸುಳುತ್ತದೆ.

ಕೆಲಸ ಮುಗಿದ ಮೇಲೆ ಮನೆಯಲ್ಲಿ ನಡೆದ ಚರ್ಚೆ ಬಕೆಟ್ಟಿನದು. ಅಮ್ಮನಿಗೆ ನೆಲವೆಂದರೆ ನೀರು ಚೆಲ್ಲಿ ಬಳಿಯಬೇಕು. ಇಲ್ಲಿ ಹಿಂಡಿದ ಬಟ್ಟೆಯೇ ಗತಿ ಎಂದಾಗ ಮುಖ ಸಿಂಡರಿಸಿದರು. ಅಡುಗೆಮನೆಗೂ ಇದನ್ನೇ ಹಾಸೋಣವೇ ಎಂದು ಹೆಂಡತಿ ಕೇಳಿದ್ದಾಳೆ. ಬೇಡ ಎಂದಿದ್ದೇನೆ, ಅಲ್ಲಿ ಟೈಲ್ಸೇ ಇರಲಿ.